ಕುರಿ ರಾತ್ರಿ ಎಲ್ಲಿ ಮಲಗುತ್ತದೆ? ನೈಜರ್ ಮತ್ತು ಇಥಿಯೋಪಿಯಾದ ಕುರಿಗೊಬ್ಬರದ ಲೆಕ್ಕ

ಪ್ರಶ್ನೆ: ನಾನು ಕೃಷಿ ಪದವಿ ಓದುತ್ತಿದ್ದೇನೆ. ಆಫ್ರಿಕಾದ ಎರಡು ದೇಶಗಳಲ್ಲಿ ಹೊಲಕ್ಕೆ ಕುರಿಗೊಬ್ಬರ ಬಳಸುವ ರೀತಿಯನ್ನು ಹೋಲಿಸಿ ಸೆಮಿನಾರ್ ಕೊಡಬೇಕು. ನೈಜರ್ ಮತ್ತು ಇಥಿಯೋಪಿಯಾ ಆರಿಸಿಕೊಂಡಿದ್ದೇನೆ. ಎರಡೂ ಕಡೆಯ ಗೊಬ್ಬರದ ಸಾರಜನಕ, ರಂಜಕದ ಅಂಕಿಗಳನ್ನು ಪಟ್ಟಿ ಮಾಡಿ ನೋಡಿದೆ. ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಹಾಗಾದರೆ ಏನನ್ನು ಹೋಲಿಸಲಿ? ಇಬ್ಬರಲ್ಲಿ ಯಾರು ಚೆನ್ನಾಗಿ ಬಳಸುತ್ತಾರೆ? ನಮ್ಮೂರಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆಯನ್ನು ರಾತ್ರಿ ಹೊಲದಲ್ಲಿ ತರುಬುತ್ತಾರಲ್ಲ, ಅಲ್ಲೂ ಹಾಗೇನಾ?

ಉತ್ತರ: ಒಳ್ಳೆಯ ಜೋಡಿಯನ್ನೇ ಆರಿಸಿದ್ದೀರಿ. ಪಟ್ಟಿಯಲ್ಲಿ ವ್ಯತ್ಯಾಸ ಸಿಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡಿ. ಒಣಹುಲ್ಲು, ಕೂಳೆ ಮೇಯ್ದ ಕುರಿಯ ಹಿಕ್ಕೆಯಲ್ಲಿ ಸಾರಜನಕ ಹೆಚ್ಚುಕಡಿಮೆ ಶೇ 1.5ರಿಂದ 2 ಇರುತ್ತದೆ. ರಂಜಕ ಅರ್ಧ ಶೇಕಡಕ್ಕಿಂತ ಕಡಿಮೆ. ನೈಜರ್ ರಾಜಧಾನಿ ನಿಯಾಮೆಯ ಕುರಿಯಾದರೂ ಅಷ್ಟೆ, ಇಥಿಯೋಪಿಯಾದ ಬೆಟ್ಟದ ಕುರಿಯಾದರೂ ಅಷ್ಟೆ. ವ್ಯತ್ಯಾಸ ಶುರುವಾಗುವುದು ಹಿಕ್ಕೆ ನೆಲಕ್ಕೆ ಬಿದ್ದ ಮೇಲೆ. ಅಲ್ಲಿಂದ ಬೆಳೆಯ ಬೇರಿಗೆ ಸೇರುವ ತನಕ ಅದು ಯಾವ ದಾರಿ ಹಿಡಿಯುತ್ತದೆ, ಆ ದಾರಿಯಲ್ಲಿ ಎಷ್ಟು ಸೋರಿ ಹೋಗುತ್ತದೆ ಅನ್ನುವುದರಲ್ಲೇ ಇಡೀ ಕಥೆ ಇದೆ. ಅದನ್ನು ತಿಳಿಯಲು ನಾನಾಗಿದ್ದರೆ ಎರಡು ಪ್ರಶ್ನೆ ಕೇಳುತ್ತಿದ್ದೆ. ಕುರಿ ರಾತ್ರಿ ಎಲ್ಲಿ ಮಲಗುತ್ತದೆ? ಆ ಮನೆಯ ಒಲೆಯಲ್ಲಿ ಏನು ಉರಿಯುತ್ತದೆ?

ನೈಜರ್‌ನಿಂದ ಶುರು ಮಾಡೋಣ. ನೈಜೀರಿಯಾ ಬೇರೆ, ಇದು ಅದರ ಉತ್ತರಕ್ಕಿರುವ ದೇಶ, ಬಹುಪಾಲು ಸಹಾರಾ ಮರುಭೂಮಿ. ಬೇಸಾಯ ನಡೆಯುವುದು ದಕ್ಷಿಣದ ಒಂದು ಪಟ್ಟಿಯಲ್ಲಿ ಮಾತ್ರ. ಅಲ್ಲಿ ವರ್ಷಕ್ಕೆ 300ರಿಂದ 600 ಮಿಮೀ ಮಳೆ, ಅದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೆಳೆ ಸಜ್ಜೆ, ಜೊತೆಗೆ ಅಲಸಂದೆ. ಮಣ್ಣು ಅಂದರೆ ಮರಳು. ಸುಮ್ನೆ ಹೇಳುವ ಮಾತಲ್ಲ, ಎಷ್ಟೋ ಹೊಲಗಳಲ್ಲಿ ನೂರು ಪಾಲಲ್ಲಿ ತೊಂಬತ್ತು ಪಾಲು ಮರಳೇ. ಸಾವಯವ ಇಂಗಾಲ ಶೇ 0.3ನ್ನೂ ಮುಟ್ಟುವುದಿಲ್ಲ. ಸಾರಜನಕ ಕಡಿಮೆ, ರಂಜಕ ಇನ್ನೂ ಕಡಿಮೆ. ಬರಗಾಲದ ದೇಶ ಅಂದ ಕೂಡಲೇ ನಾವು ನೀರಿನ ಕೊರತೆ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಈ ಪಟ್ಟಿಯ ಬಹಳಷ್ಟು ಕಡೆ ಬಿದ್ದ ಮಳೆಯನ್ನೂ ಬೆಳೆ ಪೂರ್ತಿ ಬಳಸಿಕೊಳ್ಳಲಾರದು. ಮಣ್ಣಲ್ಲಿ ತಿನ್ನಲು ಏನೂ ಇರುವುದಿಲ್ಲ. ಸಜ್ಜೆ ಇಳುವರಿ ಹೆಕ್ಟೇರಿಗೆ ಅರ್ಧ ಟನ್ ಆಸುಪಾಸಿನಲ್ಲೇ ನಿಂತಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ.

ಇಂಥ ಮಣ್ಣಿಗೆ ಕುರಿ ಬರುವುದು ಕೊಯ್ಲಾದ ಮೇಲೆ. ಮಳೆಗಾಲದಲ್ಲಿ ಫುಲಾನಿ ಕುರಿಗಾಹಿಗಳು ಮಂದೆ ಹೊಡೆದುಕೊಂಡು ಉತ್ತರದ ಹುಲ್ಲುಗಾವಲಿಗೆ ಹೋಗಿರುತ್ತಾರೆ. ಹೊಲದಲ್ಲಿ ಬೆಳೆ ಇರುವಾಗ ಮಂದೆ ದೂರವೇ ಇರಬೇಕು, ಇಲ್ಲದಿದ್ದರೆ ಜಗಳ. ಅಕ್ಟೋಬರ್, ನವೆಂಬರ್ ಹೊತ್ತಿಗೆ ವಾಪಸ್ ಇಳಿದು ಬಂದು ಸಜ್ಜೆಯ ದಂಟು, ರವದಿ ಮೇಯಿಸುತ್ತಾರೆ. ರಾತ್ರಿ ಮಂದೆ ಹೊಲದಲ್ಲೇ ಮಲಗುತ್ತದೆ. ಹೊಲದವರು ಕುರಿಗಾಹಿಗೆ ಸಜ್ಜೆ ಕೊಡುತ್ತಾರೆ, ಚಹಾ-ಸಕ್ಕರೆ ಕೊಡುತ್ತಾರೆ, ಬಾವಿಯ ನೀರಿಗೆ ಬಿಡುತ್ತಾರೆ. ಇಷ್ಟು ರಾತ್ರಿಗೆ ಇಷ್ಟು ಅಂತ ಬಾಯಿಮಾತಿನ ಕರಾರು. ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೌದು, ನೈಜರ್‌ನಲ್ಲಿ ನಮ್ಮ ಹಾಗೇ. ಬಳ್ಳಾರಿ, ರಾಯಚೂರು, ಗದಗದ ಕಡೆ ಬೇಸಿಗೆಯಲ್ಲಿ ಕುರಿ ತರುಬಿಸಿದ ರೈತನಿಗೆ ನೈಜರ್‌ನ ಕರಾರು ವಿವರಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಈ ಪದ್ಧತಿಯಲ್ಲಿ ಕಣ್ಣಿಗೆ ಕಾಣದ ಲಾಭ ಒಂದಿದೆ, ಅದು ಮೂತ್ರ. ಹಿಕ್ಕೆಯನ್ನು ಗುಡಿಸಿ ತಂದು ಹಾಕಬಹುದು, ಮೂತ್ರವನ್ನು ಹಾಗೆ ತರಲಾಗುವುದಿಲ್ಲ. ಕುರಿ ಹೊಲದಲ್ಲೇ ಮಲಗಿದರೆ ಮಾತ್ರ ಅದು ಹೊಲಕ್ಕೆ ಸಿಗುತ್ತದೆ. ಅದರಲ್ಲಿ ಸಾರಜನಕ ಇದೆ, ಪೊಟ್ಯಾಶ್ ಇದೆ. ಇನ್ನೊಂದು ಗುಣವೂ ಇದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ನೈಜರ್‌ನ ಮರಳು ಸ್ವಲ್ಪ ಹುಳಿ ಮಣ್ಣು. ಮೂತ್ರ ಬಿದ್ದ ಜಾಗದಲ್ಲಿ ಪಿಎಚ್ ಮೇಲೇರುತ್ತದೆ, ಅಂದರೆ ಹುಳಿ ಕಡಿಮೆಯಾಗುತ್ತದೆ, ಆಗ ಮಣ್ಣಲ್ಲಿ ಕಟ್ಟಿಬಿದ್ದಿದ್ದ ರಂಜಕ ಬೆಳೆಗೆ ಸಿಗುವಂತಾಗುತ್ತದೆ. ನಿಯಾಮೆ ಹತ್ತಿರದ ಸಾದೊರೆಯಲ್ಲಿ ಇಕ್ರಿಸ್ಯಾಟ್‌ನ ಸಾಹೆಲ್ ಕೇಂದ್ರ ಇದೆ. ಹೌದು, ಹೈದರಾಬಾದ್ ಪಕ್ಕದ ಪಟಾಂಚೆರುವಿನಲ್ಲಿ ಮುಖ್ಯ ಕಚೇರಿ ಇರುವ ಅದೇ ಕೃಷಿ ಸಂಶೋಧನಾ ಸಂಸ್ಥೆ. ಅಲ್ಲಿ 1990ರ ದಶಕದಲ್ಲಿ ಬರೀ ಹಿಕ್ಕೆ ಹಾಕಿದ ಮಡಿ ಮತ್ತು ಹಿಕ್ಕೆಯ ಜೊತೆ ಮೂತ್ರವೂ ಬಿದ್ದ ಮಡಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಸಜ್ಜೆ ಬೆಳೆದು ನೋಡಿದ್ದಾರೆ. ಮೂತ್ರ ಬಿದ್ದ ಮಡಿಗಳೇ ಮುಂದೆ. ಆದರೆ ಮೂತ್ರದ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯ ಆಗಿ ಹಾರಿಹೋಗುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ಬಿಸಿ ಮರಳಿನ ಮೇಲೆ ಅದು ನಿಲ್ಲುವುದೇ ಕಷ್ಟ. ಮಂದೆ ಎದ್ದು ಹೋದ ಜಾಗದಲ್ಲಿ ಬೆಳಿಗ್ಗೆ ಮೂಗಿಗೆ ಬಡಿಯುವ ಆ ಘಾಟು ಇದೆಯಲ್ಲ, ಅದು ಹೊಲಕ್ಕೆ ಸೇರಬೇಕಿದ್ದ ಗೊಬ್ಬರ.

ಈಗ ಒಂದು ಲೆಕ್ಕ ಮಾಡೋಣ. ಇದನ್ನು ನಿಮ್ಮ ಸೆಮಿನಾರ್‌ನಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿ, ಕೂತವರು ಎದ್ದು ಕೂರುತ್ತಾರೆ. 30 ಕೆಜಿಯ ಒಂದು ಕುರಿ ಬೇಸಿಗೆಯಲ್ಲಿ ದಿನಕ್ಕೆ ಮುಕ್ಕಾಲು ಕೆಜಿ ಒಣಮೇವು ತಿಂದರೆ ಅರ್ಧದಷ್ಟು ಜೀರ್ಣವಾಗುತ್ತದೆ, ಉಳಿದದ್ದು ಹಿಕ್ಕೆ. ಹಗಲು ಮೇಯುವಾಗ ಬೀಳುವುದನ್ನು ಕಳೆದರೆ ರಾತ್ರಿ ದಡ್ಡಿಯಲ್ಲಿ, ಅಂದರೆ ಮಂದೆ ಮಲಗುವ ಜಾಗದಲ್ಲಿ, ಸಿಗುವುದು 150 ಗ್ರಾಂ ಅಂತ ಇಟ್ಟುಕೊಳ್ಳಿ. 100 ಕುರಿಗೆ 15 ಕೆಜಿ. ಕುರಿಗೆ ಒಂದು ಚದರ ಮೀಟರ್‌ನಂತೆ ಒತ್ತಾಗಿ ಮಲಗಿಸಿದರೆ 100 ಚದರ ಮೀಟರ್ ಜಾಗ. ಎರಡು ರಾತ್ರಿ ಅಲ್ಲೇ ಮಲಗಿದರೆ 30 ಕೆಜಿ, ಅಂದರೆ ಹೆಕ್ಟೇರಿಗೆ 3 ಟನ್ ಪ್ರಮಾಣ. ಸಜ್ಜೆಗೆ ಇದು ಒಳ್ಳೆಯ ಪ್ರಮಾಣವೇ. ಆಮೇಲೆ ದಡ್ಡಿ ಪಕ್ಕಕ್ಕೆ ಸರಿಸಬೇಕು. ಹೀಗೆ ಒಂದು ಹೆಕ್ಟೇರ್ ಮುಗಿಸಲು ಎಷ್ಟು ರಾತ್ರಿ ಬೇಕು? 200 ರಾತ್ರಿ! ನವೆಂಬರ್ ಮೊದಲಲ್ಲಿ ಶುರುಮಾಡಿದರೆ ಮುಗಿಯುವುದು ಮೇ ತಿಂಗಳ ಮೂರನೇ ವಾರಕ್ಕೆ. ಅಂದರೆ ನೂರು ಕುರಿಯ ಮಂದೆ ಇಡೀ ಬೇಸಿಗೆ ಒಂದೇ ಹೊಲದಲ್ಲಿ ಬಿಡಾರ ಹೂಡಿದರೆ ಎರಡೂವರೆ ಎಕರೆ. ನೈಜರ್‌ನ ಒಂದು ಕುಟುಂಬಕ್ಕೆ ಅದಕ್ಕಿಂತ ಎಷ್ಟೋ ಜಾಸ್ತಿ ಭೂಮಿ ಇರುತ್ತದೆ.

ಇಲ್ಲಿಗೂ ಮುಗಿಯಲಿಲ್ಲ. ಆ ನೂರು ಕುರಿ ತಿಂದ ಮೇವು ಎಲ್ಲಿಂದ ಬಂತು? ಸುತ್ತಲಿನ ಗೋಮಾಳದಿಂದ. ಒಂದು ಹೆಕ್ಟೇರ್ ಸಜ್ಜೆ ಹೊಲದ ಫಲವತ್ತತೆಯನ್ನು ಬರೀ ಗೊಬ್ಬರದಿಂದ ಕಾಪಾಡಬೇಕಾದರೆ ಅದರ ಹತ್ತಾರು ಪಟ್ಟು ಬೇಸಿಗೆ ಮೇವಿನ ಜಾಗ ಬೇಕು. ಗೊಬ್ಬರ ಅನ್ನುವುದು ಹೊಸದಾಗಿ ಹುಟ್ಟುವ ಸಾರ ಅಂತ ಬಹಳ ಜನ ತಿಳಿದಿದ್ದಾರೆ. ಕುರಿ ಸಾರವನ್ನು ಹುಟ್ಟಿಸುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ತರುತ್ತದೆ. ಜನಸಂಖ್ಯೆ ಹೆಚ್ಚಿ ಗೋಮಾಳಗಳೆಲ್ಲ ಸಜ್ಜೆ ಹೊಲ ಆದ ಹಾಗೆ ಮಂದೆ ಓಡಾಡುವ ದಾರಿ ಮುಚ್ಚುತ್ತಾ ಬಂದಿದೆ. 1973 ಮತ್ತು 1984ರ ಬರಗಳಲ್ಲಿ ಎಷ್ಟೋ ಕುರಿಗಾಹಿ ಕುಟುಂಬಗಳು ಜಾನುವಾರು ಕಳೆದುಕೊಂಡವು. ಆಮೇಲೆ ರೈತರೇ ಕುರಿ ಕಟ್ಟಲು ಶುರುಮಾಡಿದರು. ಕುರಿ ಬೇಗ ಮರಿ ಹಾಕುತ್ತದೆ, ದನಕ್ಕಿಂತ ಕಡಿಮೆ ದುಡ್ಡಿಗೆ ಸಿಗುತ್ತದೆ. ಅದರಲ್ಲೂ ಹೆಂಗಸರ ಕೈಯಲ್ಲಿ ಕುರಿ ಜಾಸ್ತಿ, ಅದೇ ಅವರ ಉಳಿತಾಯ. ಬಕ್ರೀದ್‌ಗೆ ಅಲ್ಲಿ ತಬಸ್ಕಿ ಅನ್ನುತ್ತಾರೆ. ಆ ಹಬ್ಬಕ್ಕೆ ಮಾರಲು ಟಗರನ್ನು ಮನೆ ಹಿತ್ತಲಲ್ಲಿ ಕಟ್ಟಿ ಅಲಸಂದೆ ಹೊಟ್ಟು, ತೌಡು ಹಾಕಿ ಕೊಬ್ಬಿಸುತ್ತಾರೆ. ಒಳ್ಳೆಯ ಮೇವು ತಿಂದ ಆ ಟಗರಿನ ಗೊಬ್ಬರ ಮಂದೆಯ ಗೊಬ್ಬರಕ್ಕಿಂತ ಸತ್ವದ್ದು. ಆದರೆ ಅದು ಬೀಳುವುದು ಮನೆಯಲ್ಲಿ. ಹೊಲಕ್ಕೆ ಹೋಗಬೇಕಾದರೆ ಕತ್ತೆಗಾಡಿ ಬೇಕು. ಗಾಡಿ ಇದ್ದವರ ದೂರದ ಹೊಲಕ್ಕೂ ಗೊಬ್ಬರ ಬೀಳುತ್ತದೆ, ಇಲ್ಲದವರದ್ದು ಊರ ಪಕ್ಕದ ಹೊಲಕ್ಕೇ ಮುಗಿಯುತ್ತದೆ. ನಾನು ಮೊದಲು ಕೇಳಿದ ಪ್ರಶ್ನೆ ಈಗ ಅರ್ಥವಾಯಿತಾ? ಕುರಿ ಮಲಗುವ ಜಾಗ ಹೊಲದಿಂದ ಹಿತ್ತಲಿಗೆ ಬದಲಾಯಿತು, ಅಷ್ಟಕ್ಕೇ ಮೂತ್ರವೂ ಹೋಯಿತು, ದೂರದ ಹೊಲವೂ ಹೋಯಿತು.

ಇದ್ದಷ್ಟೇ ಗೊಬ್ಬರವನ್ನು ಅಳೆದು ತೂಗಿ ಬಳಸುವ ಜಾಣ್ಮೆಯೂ ನೈಜರ್‌ನದ್ದೇ. ತಹುವಾ ಪ್ರಾಂತ್ಯದ ಇಲ್ಲೇಲಾ ಕಡೆ ಹೌಸಾ ರೈತರು ‘ತಸ್ಸಾ’ ಅನ್ನುವ ಗುಂಡಿ ತೋಡುತ್ತಾರೆ. ಹಳೆಯ ಪದ್ಧತಿ, ನಡುವೆ ಮರೆತೇಹೋಗಿತ್ತು. 1989ರಲ್ಲಿ ಅಲ್ಲಿನ ಕೆಲವು ರೈತರು ಪಕ್ಕದ ಬುರ್ಕಿನಾ ಫಾಸೋದ ಯಾಟೆಂಗಾಕ್ಕೆ ಹೋಗಿ, ಅಲ್ಲಿ ‘ಜಾಯ್’ ಅಂತ ಕರೆಯುವ ಇಂಥದ್ದೇ ಗುಂಡಿಗಳನ್ನು ನೋಡಿ ಬಂದ ಮೇಲೆ ಮತ್ತೆ ಚಿಗುರಿತು. ಮಳೆ ನೀರು ಇಂಗದೆ ಮೇಲೇ ಹರಿದುಹೋಗುವ, ಸಿಮೆಂಟ್‌ನಂತೆ ಗಟ್ಟಿಯಾದ ಬರಡು ನೆಲವದು. ಅಲ್ಲಿ ಬೇಸಿಗೆಯಲ್ಲೇ ಒಂದು ಗೇಣಿಗಿಂತ ತುಸು ಅಗಲದ, ಒಂದು ಗೇಣು ಆಳದ ಗುಂಡಿ ತೆಗೆದು ಎರಡು ಮೂರು ಹಿಡಿ ಹಿಕ್ಕೆ ಹಾಕುತ್ತಾರೆ. ಗೆದ್ದಲು ಬರುತ್ತದೆ. ನಮಗೆ ಗೆದ್ದಲು ಅಂದರೆ ಶತ್ರು, ಅಲ್ಲಿ ಅದೇ ಕೂಲಿಯಾಳು. ಹಿಕ್ಕೆ ತಿನ್ನುತ್ತಾ ಗಟ್ಟಿ ನೆಲದಲ್ಲಿ ಬಿಲ ಕೊರೆಯುತ್ತದೆ, ಮೊದಲ ಮಳೆ ಆ ಬಿಲಗಳಲ್ಲಿ ಒಳಗಿಳಿಯುತ್ತದೆ. ಹೆಕ್ಟೇರಿಗೆ ಹತ್ತು ಸಾವಿರ ಗುಂಡಿ, ಗುಂಡಿಗೆ 300 ಗ್ರಾಂ ಅಂದರೆ ಮತ್ತೆ ಅದೇ 3 ಟನ್. ಆದರೆ ಇಲ್ಲಿ ಪ್ರತಿ ಹಿಡಿಯೂ ಬೇರಿನ ಬುಡದಲ್ಲೇ ಇದೆ, ನೀರೂ ಅಲ್ಲೇ ನಿಲ್ಲುತ್ತದೆ. ಇಕ್ರಿಸ್ಯಾಟ್‌ನವರು ಇದರ ಜೊತೆಗೆ ಪ್ರತಿ ಗುಣಿಗೆ 2 ಗ್ರಾಂ ಡಿಎಪಿ ರಸಗೊಬ್ಬರ ಹಾಕುವುದನ್ನು ಹೇಳಿಕೊಟ್ಟರು. ಹೆಕ್ಟೇರಿಗೆ 20 ಕೆಜಿ, ಅರ್ಧ ಚೀಲವೂ ಇಲ್ಲ. ರಂಜಕ ಅಷ್ಟು ಬರಿದಾದ ಮಣ್ಣಲ್ಲಿ ಆ 2 ಗ್ರಾಂ ಎಳೆ ಸಸಿಯನ್ನು ಎಬ್ಬಿಸಿ ನಿಲ್ಲಿಸುತ್ತದೆ. ನನ್ನ ಮಟ್ಟಿಗೆ ಕುರಿಗೊಬ್ಬರದ ಬಗ್ಗೆ ಜಗತ್ತಿನಲ್ಲಿ ಆಗಿರುವ ಅತಿ ಒಳ್ಳೆಯ ಕೆಲಸಗಳಲ್ಲಿ ಇದೊಂದು.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಮರಳಲ್ಲಿ ಜಾಸ್ತಿ ಹಾಕಿದರೆ ಜಾಸ್ತಿ ಬರುತ್ತದೆ ಅನ್ನುವ ಲೆಕ್ಕ ನಡೆಯುವುದಿಲ್ಲ. ಅಲ್ಲಿನ ಹೊಲ ನೋಡಲು ಸಮತಟ್ಟು. ಆದರೆ ಅಲ್ಲಲ್ಲಿ ಒಂದು ಮೊಳ ತಗ್ಗು ಇರುತ್ತದೆ. ಮಳೆ ನೀರೆಲ್ಲ ಆ ತಗ್ಗಿಗೆ ಹೋಗಿ ಇಂಗುತ್ತದೆ. ಅಲ್ಲಿ ಮಂದೆ ಮಲಗಿಸಿದ್ದರೆ ಸಾರಜನಕ ನೀರಿನ ಜೊತೆ ಬೇರಿಗೂ ಸಿಗದಷ್ಟು ಕೆಳಗೆ ಹೋಗುತ್ತದೆ. ಅದೇ ಹೊಲದ ಸ್ವಲ್ಪ ಎತ್ತರದ ಜಾಗದಲ್ಲಿ ಮಲಗಿಸಿದ್ದರೆ ಉಳಿಯುತ್ತಿತ್ತು. ಮಂದೆಯನ್ನು ಒಂದೇ ಕಡೆ ವಾರಗಟ್ಟಲೆ ನಿಲ್ಲಿಸಿದಾಗಲೂ ಹೀಗೇ ಆಗುತ್ತದೆ.

ಈಗ ಇಥಿಯೋಪಿಯಾಕ್ಕೆ ಬನ್ನಿ. ಇಲ್ಲಿ ಕುರಿ ಸುಮಾರು 4 ಕೋಟಿ. ದನದ ಸಂಖ್ಯೆಯಲ್ಲಂತೂ ಆಫ್ರಿಕಾಕ್ಕೇ ಮೊದಲ ಸ್ಥಾನ. ಮಣ್ಣೂ ನೈಜರ್‌ನಷ್ಟು ಬಡವಲ್ಲ, ಮಳೆಯೂ ಎತ್ತರದ ನಾಡಿನಲ್ಲಿ 900 ಮಿಮೀ, ಅದಕ್ಕೂ ಮೇಲೆ. ಕುರಿ ಇದೆ, ಮಳೆ ಇದೆ, ಹಾಗಿದ್ದರೆ ಹೊಲಕ್ಕೆ ಗೊಬ್ಬರ ಧಾರಾಳ ಇರಬೇಕಲ್ವಾ? ಇಲ್ಲ. ಕಾರಣ ನನ್ನ ಎರಡನೇ ಪ್ರಶ್ನೆಯಲ್ಲಿದೆ.

ಅಡಿಸ್ ಅಬಾಬಾದಿಂದ ಈಶಾನ್ಯಕ್ಕೆ, ದೆಬ್ರೆ ಬಿರ್ಹಾನ್ ದಾಟಿದ ಮೇಲೆ ಮೆನ್ಜ್ ಅನ್ನುವ ಸೀಮೆ ಸಿಗುತ್ತದೆ. ಸಮುದ್ರ ಮಟ್ಟದಿಂದ ಸುಮಾರು 3,000 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಗಿಂತ ಒಂದು ಸಾವಿರ ಮೀಟರ್ ಮೇಲೆ. ಕೊರೆಯುವ ಚಳಿ, ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದೆ. ಬಾರ್ಲಿ ಬಿಟ್ಟರೆ ಹೆಚ್ಚೇನೂ ಬೆಳೆಯುವುದಿಲ್ಲ, ಹಾಗಾಗಿ ಜನ ನಂಬಿರುವುದು ಕುರಿಯನ್ನೇ. ಮೆನ್ಜ್ ಕುರಿ ಅಂತ ತಳಿಯೇ ಇದೆ, ಗಿಡ್ಡ, ಉಣ್ಣೆ ಇರುವ, ಗಟ್ಟಿ ಜೀವ. ಆ ಚಳಿಗೆ, ಕತ್ತೆಕಿರುಬದ ಭಯಕ್ಕೆ, ಕುರಿಯನ್ನು ರಾತ್ರಿ ಹೊಲದಲ್ಲಿ ಮಲಗಿಸುವ ಮಾತೇ ಇಲ್ಲ. ಮನೆಗೆ ಅಂಟಿದ ಕೊಟ್ಟಿಗೆಯಲ್ಲಿ, ಕೆಲವೊಮ್ಮೆ ಮನೆಯೊಳಗೇ ಮಲಗುತ್ತವೆ. ಮರ ಬಹಳ ಕಡಿಮೆ. ಹಾಗಾದರೆ ಒಲೆಗೆ ಏನು? ಸಗಣಿ. ದನದ ಸಗಣಿಯನ್ನು ತಟ್ಟಿ ಒಣಗಿಸಿದ ಬೆರಣಿಗೆ ಅಲ್ಲಿ ‘ಕುಬೆತ್’ ಅನ್ನುತ್ತಾರೆ. ನಮ್ಮ ಕುಳ್ಳು ಇದ್ದ ಹಾಗೇ. ಕುರಿ ಹಿಕ್ಕೆಯನ್ನು ಹಾಗೆ ತಟ್ಟಲು ಬರುವುದಿಲ್ಲ, ಆದರೆ ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಕುರಿ ತುಳಿದು ತುಳಿದು ಹಿಕ್ಕೆ, ಮೂತ್ರ, ಹುಲ್ಲು ಎಲ್ಲ ಸೇರಿ ಹಲಗೆಯಂಥ ಪದರ ಆಗುತ್ತದಲ್ಲ, ಅದು ಒಣಗಿದರೆ ಚೆನ್ನಾಗಿ ಉರಿಯುತ್ತದೆ.

ಉರಿದಾಗ ಏನಾಗುತ್ತದೆ ಅಂತ ನಿಮಗೆ ಗೊತ್ತು. ಸಾರಜನಕ ಹೊಗೆಯಲ್ಲಿ ಹೋಯಿತು. ಸಾವಯವ ಪದಾರ್ಥ ಹೋಯಿತು. ಬೂದಿಯಲ್ಲಿ ರಂಜಕ, ಪೊಟ್ಯಾಶ್ ಉಳಿಯುತ್ತವೆ. ಬೂದಿಯನ್ನು ಹಿತ್ತಲಿಗೆ ಎಸೆದರೆ ಹಿತ್ತಲಿಗಷ್ಟೇ ಲಾಭ. ಇಷ್ಟು ಹೇಳಿ ಬಹಳ ಮಂದಿ ‘ಇಥಿಯೋಪಿಯಾದ ರೈತರಿಗೆ ಗೊಬ್ಬರದ ಬೆಲೆ ತಿಳಿಯದು’ ಅಂತ ಷರಾ ಬರೆದುಬಿಡುತ್ತಾರೆ. ದಯವಿಟ್ಟು ನೀವು ಹಾಗೆ ಬರೆಯಬೇಡಿ. ಅವರಿಗೆ ಚೆನ್ನಾಗಿ ತಿಳಿದಿದೆ. ಇಂದು ಸಂಜೆ ಮಕ್ಕಳಿಗೆ ಬಿಸಿ ಊಟ ಬೇಕು. ಗೊಬ್ಬರದ ಫಲ ಬರುವುದು ಮುಂದಿನ ಸುಗ್ಗಿಗೆ. 3,000 ಮೀಟರ್ ಎತ್ತರದ ಚಳಿಯಲ್ಲಿ ಸೌದೆ ಇಲ್ಲದ ಮನೆಯವರು ಬೇರೆ ಏನು ಮಾಡಲು ಸಾಧ್ಯ? 1890ರ ದಶಕದಲ್ಲಿ ಎರಡನೇ ಮೆನೆಲಿಕ್ ದೊರೆಯ ಕಾಲದಲ್ಲಿ ಇಥಿಯೋಪಿಯಾಕ್ಕೆ ನೀಲಗಿರಿ ಮರ ಬಂತು. ಅದನ್ನು ಬೈಯುವವರು ಅಲ್ಲೂ ಇದ್ದಾರೆ, ನಮ್ಮಲ್ಲೂ ಇದ್ದಾರೆ. ನೀರು ಹೀರುತ್ತದೆ ಅನ್ನುವುದು ನಿಜ. ಆದರೆ ಹೊಲದ ಅಂಚಿನಲ್ಲಿ ನಾಲ್ಕು ನೀಲಗಿರಿ ಇದ್ದರೆ ಆ ಮನೆಯ ಸಗಣಿ ಒಲೆಯಿಂದ ಉಳಿಯುತ್ತದೆ. ಹಾಗಾಗಿ ಮಣ್ಣಿನ ಬಗ್ಗೆ ಮಾತಾಡುವಾಗ ಸೌದೆಯ ಮಾತನ್ನು ಬಿಡಬೇಡಿ.

ಇನ್ನೊಂದು ಸೂಕ್ಷ್ಮ ನೋಡಿ. ಒಲೆಗೆ ಬೇಕಾದ ಸಗಣಿ ಒಣಗಬೇಕು. ಒಣಗುವುದು ಬೇಸಿಗೆಯಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಮಳೆ. ಆಗ ಕೊಟ್ಟಿಗೆಯದ್ದೆಲ್ಲ ಕೆಸರು, ಉರಿಸಲು ಬರುವುದಿಲ್ಲ. ಹಾಗಾಗಿ ಬೇಸಿಗೆಯದ್ದು ಒಲೆಗೆ, ಮಳೆಗಾಲದ್ದು ತಿಪ್ಪೆಗೆ. ಆದರೆ ಮಳೆಗಾಲದ ತಿಪ್ಪೆ ಗೊಬ್ಬರವಾಗುವ ಹೊತ್ತಿಗೆ ಬಿತ್ತನೆ ಮುಗಿದಿರುತ್ತದೆ. ಮುಚ್ಚದೆ ಬಿಟ್ಟ ತಿಪ್ಪೆಯ ಮೇಲೆ ಅಷ್ಟು ಮಳೆ ಸುರಿದರೆ ಸತ್ವವೆಲ್ಲ ಚರಂಡಿಗೆ. ಚಳಿಗೆ ಕೊಳೆಯುವುದೂ ನಿಧಾನ. ಅಲ್ಲಿ ತಿಪ್ಪೆಗೆ ಒಂದು ಮಾಡು ಹಾಕಿ, ಆಗಾಗ ತಿರುವಿ ಹಾಕುವುದರಿಂದ ಸಿಗುವ ಲಾಭ ದೊಡ್ಡದು. ನೈಜರ್‌ನಲ್ಲಿ ತಿಪ್ಪೆಗೆ ಮಾಡು ಹಾಕಿ ಅಂದರೆ ಅರ್ಥವಿಲ್ಲ, ಎಂಟು ತಿಂಗಳು ಒಂದು ಹನಿಯೂ ಬೀಳುವುದಿಲ್ಲ.

ದೆಬ್ರೆ ಬಿರ್ಹಾನ್ ಸುತ್ತಮುತ್ತ ‘ಗುಯೆ’ ಅನ್ನುವ ಪದ್ಧತಿಯಿತ್ತು. ಇದನ್ನು ನಿಮ್ಮ ಸೆಮಿನಾರ್‌ಗೆ ಸೇರಿಸಲೇಬೇಕು. ವರ್ಷಗಟ್ಟಲೆ ಏನೂ ಬೆಳೆಯದೆ ಬೀಡು ಬಿಟ್ಟ ಹೊಲವನ್ನು ಉತ್ತು, ಹುಲ್ಲಿನ ಬೇರು ಸಮೇತ ಮಣ್ಣನ್ನು ಸಣ್ಣ ಸಣ್ಣ ಗುಡ್ಡೆ ಮಾಡುತ್ತಾರೆ. ಗುಡ್ಡೆಯೊಳಗೆ ಒಣ ಸಗಣಿ ಇಟ್ಟು ಬೆಂಕಿ ಹಚ್ಚುತ್ತಾರೆ. ಗುಡ್ಡೆ ದಿನಗಟ್ಟಲೆ ಒಳಗೊಳಗೇ ಹೊಗೆಯಾಡುತ್ತದೆ. ಆಮೇಲೆ ಆ ಸುಟ್ಟ ಮಣ್ಣನ್ನು ಹರಡಿ ಬಾರ್ಲಿ ಬಿತ್ತುತ್ತಾರೆ. ಬೆಂಕಿ ತಾಗಿದ ಮಣ್ಣು ಪುಡಿಪುಡಿಯಾಗುತ್ತದೆ, ನೀರು ಬಸಿಯುತ್ತದೆ, ರಂಜಕ ಬಿಡುಗಡೆಯಾಗುತ್ತದೆ, ಬಾರ್ಲಿ ಒಂದೆರಡು ವರ್ಷ ಚೆನ್ನಾಗಿ ಬರುತ್ತದೆ. ಆಮೇಲೆ ಮತ್ತೆ ವರ್ಷಗಟ್ಟಲೆ ಬೀಡು ಬಿಡಬೇಕು, ಏಕೆಂದರೆ ಸಾವಯವ ಅಂಶವೆಲ್ಲ ಸುಟ್ಟಿರುತ್ತದೆ. ಭೂಮಿ ಕಡಿಮೆಯಾಗಿ ಬೀಡು ಬಿಡುವುದು ಕಷ್ಟವಾದ ಮೇಲೆ ಈ ಪದ್ಧತಿಯೂ ಇಳಿಮುಖ. ಒಂದೇ ಸಗಣಿ ನೋಡಿ, ನೈಜರ್‌ನಲ್ಲಿ ಗೆದ್ದಲಿಗೆ ಮೇವಾಗಿ ನೆಲ ಸಡಿಲಿಸುತ್ತದೆ, ಇಲ್ಲಿ ಬೆಂಕಿಯಾಗಿ ನೆಲ ಸಡಿಲಿಸುತ್ತದೆ.

ಇಥಿಯೋಪಿಯಾ ಅಂದರೆ ಮೆನ್ಜ್ ಒಂದೇ ಅಲ್ಲ. ದಕ್ಷಿಣದ ವೊಲೈತಾ ಕಡೆಗೆ ಹೋದರೆ ಚಿತ್ರವೇ ಬೇರೆ. ಅಲ್ಲಿ ಮನೆ ಹಿತ್ತಲಲ್ಲಿ ಎನ್ಸೆಟ್ ಬೆಳೆಯುತ್ತಾರೆ. ಬಾಳೆಯ ಹತ್ತಿರದ ನೆಂಟ, ನೋಡಲೂ ಹಾಗೇ, ಆದರೆ ತಿನ್ನುವುದು ಹಣ್ಣನ್ನಲ್ಲ, ಬುಡ ಮತ್ತು ದಿಂಡಿನ ಹಿಟ್ಟನ್ನು. ಎನ್ಸೆಟ್‌ಗೆ ಗೊಬ್ಬರ ಬೇಕೇ ಬೇಕು. ದಿನಾ ಬೆಳಿಗ್ಗೆ ಮನೆಯೊಳಗೆ ಕಟ್ಟಿದ ದನ, ಕುರಿಗಳ ಸಗಣಿ ಹಿಕ್ಕೆ ಎತ್ತಿ ನೇರ ಎನ್ಸೆಟ್ ಬುಡಕ್ಕೆ ಹಾಕುತ್ತಾರೆ. ಹೆಚ್ಚಾಗಿ ಹೆಂಗಸರು, ಮಕ್ಕಳ ಕೆಲಸ. ಹೀಗೆ ತಲೆಮಾರುಗಳಿಂದ ಗೊಬ್ಬರ ಉಂಡ ಮನೆಯ ಸುತ್ತಲಿನ ಮಣ್ಣಿಗೆ ಅವರು ‘ದರ್ಕೋವಾ’ ಅನ್ನುತ್ತಾರೆ, ದೂರದ ಹೊಲದ ಬಡ ಮಣ್ಣಿಗೆ ‘ಶೋಕಾ’. ಒಂದೇ ಮನೆಯ ಒಂದೇ ಜಾತಿಯ ಮಣ್ಣು, ಎರಡು ಹೆಸರು. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ. ದರ್ಕೋವಾ ಕಪ್ಪಗೆ, ಮೆತ್ತಗೆ. ಶೋಕಾ ಕೆಂಪಗೆ, ಹೆಂಟೆ ಹೆಂಟೆಯಾಗಿ. ಮಣ್ಣು ಪರೀಕ್ಷೆಗೆ ಹೋಗುವವರು ಮನೆ ಪಕ್ಕದ್ದೋ ದೂರದ್ದೋ ಅಂತ ಬರೆಯದೆ ‘ವೊಲೈತಾದ ಮಣ್ಣು’ ಅಂತ ಸರಾಸರಿ ತೆಗೆದರೆ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ.

ದೂರದ ಹೊಲ ಏಕೆ ಬಡವಾಗಿಯೇ ಉಳಿಯುತ್ತದೆ? ಹೊರುವ ಕಷ್ಟ ಒಂದು. ಜಮೀನಿನ ಹಕ್ಕಿನ ಮಾತು ಇನ್ನೊಂದು. 1975ರಲ್ಲಿ ಇಥಿಯೋಪಿಯಾದ ಭೂಮಿಯೆಲ್ಲ ಸರ್ಕಾರದ್ದಾಯಿತು, ರೈತನಿಗೆ ಉಳುವ ಹಕ್ಕು ಮಾತ್ರ. ಆಮೇಲಿನ ವರ್ಷಗಳಲ್ಲಿ ಎಷ್ಟೋ ಸಲ ಮರುಹಂಚಿಕೆಯಾಯಿತು. ಕುರಿಗೊಬ್ಬರದ ಫಲ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ, ಎರಡು ಮೂರು ವರ್ಷ ನಿಧಾನಕ್ಕೆ ಸಿಗುತ್ತದೆ. ಮುಂದಿನ ವರ್ಷ ಹೊಲ ಯಾರ ಕೈಲಿರುತ್ತದೋ ಅಂತ ಅನುಮಾನ ಇದ್ದವನು ಇಂದು ಬೆನ್ನ ಮೇಲೆ ಗೊಬ್ಬರ ಹೊರುತ್ತಾನಾ? ಯೂರಿಯಾ ಹಾಕುತ್ತಾನೆ, ಅದು ಈ ಸುಗ್ಗಿಗೇ ಫಲ ಕೊಡುತ್ತದೆ. 1990ರ ದಶಕದ ಕೊನೆಯಿಂದ ಜಮೀನಿಗೆ ಪ್ರಮಾಣಪತ್ರ ಕೊಡಲು ಶುರುಮಾಡಿದರು, ಉತ್ತರದ ಟಿಗ್ರಾಯ್ ಪ್ರಾಂತ್ಯದಲ್ಲಿ ಮೊದಲು. ಮಣ್ಣಿನ ವಿಷಯದಲ್ಲಿ ಇಂಥ ಒಂದು ಕಾಗದಕ್ಕೆ ಎಷ್ಟೋ ಗಾಡಿ ಗೊಬ್ಬರದ ಬೆಲೆ ಇದೆ ಅಂತ ನಾನು ನಂಬಿದ್ದೇನೆ. ಗುತ್ತಿಗೆ ಹೊಲಕ್ಕೆ ತಿಪ್ಪೆಗೊಬ್ಬರ ಹಾಕುವವರು ನಮ್ಮಲ್ಲೂ ಕಡಿಮೆಯೇ ಅಲ್ವಾ.

ಮಣ್ಣಿನ ಒಳಗಿನ ಕೆಲಸವೂ ಬೇರೆ. ನೈಜರ್‌ನ ಮರಳು ಏನನ್ನೂ ಹಿಡಿದಿಡುವುದಿಲ್ಲ, ಅಲ್ಲಿ ಗೊಬ್ಬರ ಸ್ಪಂಜಿನ ಕೆಲಸ ಮಾಡಬೇಕು. ಇಥಿಯೋಪಿಯಾದ ಎತ್ತರದ ಕೆಂಪು ಮಣ್ಣಿನ ತೊಂದರೆ ತಿರುಗುಮುರುಗು. ಅದು ರಂಜಕವನ್ನು ಗಟ್ಟಿಯಾಗಿ ಹಿಡಿದು ಬಿಡುವುದೇ ಇಲ್ಲ. ಅಲ್ಲಿನ ಉಳುಮೆ ಭೂಮಿಯಲ್ಲಿ ಸುಮಾರು ಶೇ 40ರಷ್ಟು ಹುಳಿ ಮಣ್ಣು. ಅಲ್ಲಿ ಡಿಎಪಿ ಹಾಕಿದರೂ ಮಣ್ಣೇ ನುಂಗಿಬಿಡುತ್ತದೆ. ಕುರಿಗೊಬ್ಬರ ಹಾಕಿದಾಗ ಅದರ ಸಾವಯವ ಆಮ್ಲಗಳು ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಸೇರಿಕೊಂಡು ರಂಜಕಕ್ಕೆ ದಾರಿ ಬಿಡುತ್ತವೆ. ಸುಣ್ಣ ಸ್ವಲ್ಪ, ಗೊಬ್ಬರ ಸ್ವಲ್ಪ, ರಾಸಾಯನಿಕ ಸ್ವಲ್ಪ ಸೇರಿಸಿದಾಗಲೇ ಅಲ್ಲಿ ಬಾರ್ಲಿ, ಗೋಧಿ ಮೇಲೇಳುವುದು. ತಗ್ಗಿನಲ್ಲಿರುವ ಕಪ್ಪು ಮಣ್ಣು ನಮ್ಮ ಎರೆ ಹೊಲದಂಥದ್ದೇ, ಬೇಸಿಗೆಯಲ್ಲಿ ಬಿರುಕು, ಮಳೆಯಲ್ಲಿ ಅಂಟು. ಅಲ್ಲಿ ನೀರು ನಿಂತಿರುವಾಗ ಎಷ್ಟು ಗೊಬ್ಬರ ಹಾಕಿದರೂ ಬೇರು ಉಸಿರುಕಟ್ಟಿ ಸಾಯುತ್ತದೆ. ಮೊದಲು ಅಗಲವಾದ, ಎತ್ತರದ ಮಡಿ ಮಾಡಿ ನೀರು ಬಸಿಯಬೇಕು, ಗೊಬ್ಬರದ ಮಾತು ಆಮೇಲೆ.

ಯಾರು ಚೆನ್ನಾಗಿ ಬಳಸುತ್ತಾರೆ ಅಂತ ಕೇಳಿದ್ದೀರಿ. ತಪ್ಪಿಸಿಕೊಳ್ಳದೆ ಹೇಳುತ್ತೇನೆ. ಬಿದ್ದ ಹಿಕ್ಕೆಯಲ್ಲಿ ಎಷ್ಟು ಪಾಲು ಧಾನ್ಯದ ಹೊಲಕ್ಕೆ ತಲುಪುತ್ತದೆ ಅಂತ ನೋಡಿದರೆ ನೈಜರ್ ಮುಂದೆ. ತಸ್ಸಾ ಗುಂಡಿಯಲ್ಲಿ ಒಂದು ಹಿಡಿಯಿಂದ ತೆಗೆಯುವ ಬೆಳೆಗಂತೂ ಸಾಟಿ ಇಲ್ಲ. ಆದರೆ ವೊಲೈತಾದ ದರ್ಕೋವಾ ಹಾಗೆ ತಲೆಮಾರುಗಳ ಕಾಲ ಮಣ್ಣನ್ನೇ ಕಟ್ಟಿ ನಿಲ್ಲಿಸಿದ್ದು ನೈಜರ್‌ನ ಮರಳಿನಲ್ಲಿ ಕಾಣುವುದಿಲ್ಲ. ಮೆನ್ಜ್‌ನ ಬೆಟ್ಟಗಳಲ್ಲಿ ಮಾತ್ರ ಹೊಲ ಹಸಿದಿದೆ. ಅಲ್ಲಿಗೆ ಮೊದಲು ಬೇಕಿರುವುದು ಸೌದೆ ಮತ್ತು ಹೊಗೆ ಕಡಿಮೆ ಮಾಡುವ, ಕಡಿಮೆ ಉರುವಲು ತಿನ್ನುವ ಒಲೆ. ಗೊಬ್ಬರದ ಬಗ್ಗೆ ಉಪದೇಶ ಬೇಕಿಲ್ಲ.

ಕೊನೆಗೆ ನಿಮ್ಮ ಪಟ್ಟಿಗೆ ವಾಪಸ್ ಬರುತ್ತೇನೆ, ಅದರಲ್ಲೊಂದು ಹಳ್ಳ ಇದೆ. ನೈಜರ್‌ನಲ್ಲಿ ದಡ್ಡಿಯಿಂದ ಗುಡಿಸಿ ತಂದ ಗೊಬ್ಬರದಲ್ಲಿ ಮರಳು ಸೇರಿರುತ್ತದೆ, ಒಮ್ಮೊಮ್ಮೆ ತೂಕದ ಅರ್ಧದಷ್ಟು. ಇಥಿಯೋಪಿಯಾದ ತಿಪ್ಪೆಯಲ್ಲಿ ಒಲೆಯ ಬೂದಿ, ಕೊಟ್ಟಿಗೆಯ ಮಣ್ಣು ಸೇರಿರುತ್ತದೆ. ಮರಳು ಸೇರಿದ್ದಕ್ಕೆ ಸಾರಜನಕ ಶೇಕಡ ಕಡಿಮೆ ಕಾಣುತ್ತದೆ, ಹಿಕ್ಕೆ ಕಳಪೆ ಅಂತಲ್ಲ. ಹಾಗಾಗಿ ನೀವು ತೆಗೆದುಕೊಂಡ ಪ್ರತಿ ಅಂಕಿಯ ಪಕ್ಕ ಮೂರು ವಿಷಯ ಬರೆಯಿರಿ. ಅದು ಕುರಿಯಿಂದ ನೇರ ಹಿಡಿದ ಹಿಕ್ಕೆಯದ್ದೋ, ದಡ್ಡಿಯದ್ದೋ, ತಿಪ್ಪೆಯದ್ದೋ. ಹಸಿ ತೂಕದ್ದೋ, ಒಣ ತೂಕದ್ದೋ. ಸುಟ್ಟು ನೋಡಿದಾಗ ಉಳಿದ ಬೂದಿ ಎಷ್ಟು. ಬೂದಿ ಅಂಶ ಕೊಟ್ಟಿಲ್ಲದ ಅಂಕಿಯನ್ನು ಹೋಲಿಕೆಗೆ ಬಳಸಬೇಡಿ. ಇದು ಹೇಗೆ ಅಂತ ಕಣ್ಣಾರೆ ನೋಡಬೇಕಾದರೆ ನಿಮ್ಮೂರಲ್ಲಿ ಮಂದೆ ಎದ್ದು ಹೋದ ಹೊಲದಿಂದ ಒಂದು ಹಿಡಿ ಗುಡಿಸಿ ತನ್ನಿ, ಗಾಜಿನ ಲೋಟದಲ್ಲಿ ನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಹಿಕ್ಕೆಯ ಹೊರಗಿನ ಗಟ್ಟಿ ಸಿಪ್ಪೆ ನೆನೆದು ಬಿಡಲು ಅಷ್ಟು ಹೊತ್ತು ಬೇಕು. ಬೆಳಿಗ್ಗೆ ಕದಡಿ ಐದು ನಿಮಿಷ ಬಿಟ್ಟು ನೋಡಿ. ತಳದಲ್ಲಿ ಎಷ್ಟು ಬೆರಳು ಮರಳು ಕೂತಿದೆ ಅಂತ ಅಳೆದು, ಆ ಲೋಟದ ಫೋಟೋವನ್ನೇ ಸೆಮಿನಾರ್‌ನ ಮೊದಲ ಸ್ಲೈಡ್‌ಗೆ ಹಾಕಿ.